ಅಯ್ಯಗಾರು ವರ್ಗವಾಗಿ ಹೋದ್ರು, ಸಭೆ ನಡೆಸೋರು ಯಾರು?

ನಿಮ್ಮ ಏರಿಯಾದ ಚರ್ಚನ್ನು ನಡೆಸೋದು ಯಾರು ಅಂತ ಯಾರನ್ನಾದರೂ ಕೇಳಿ ನೋಡಿ. "ಇನ್ಯಾರು, ಪಾದ್ರಿ" ಅಂತಾರೆ. ದೇವಸ್ಥಾನ ಅಂದ್ರೆ ಪೂಜಾರಿ, ಮಸೀದಿ ಅಂದ್ರೆ ಮೌಲ್ವಿ, ಚರ್ಚ್ ಅಂದ್ರೆ ಪಾದ್ರಿ. ನಮ್ಮ ತಲೆಯಲ್ಲಿರೋ ಚಿತ್ರ ಅಷ್ಟೇ. ಆದರೆ ಭಾನುವಾರ ಬೆಳಿಗ್ಗೆ ಪಾದ್ರಿ ಮೈಕ್ ಮುಂದೆ ನಿಲ್ಲೋ ಹೊತ್ತಿಗೆ ಒಬ್ಬರು ಬೀಗ ತೆಗೆದು ಕಸ ಗುಡಿಸಿರ್ತಾರೆ. ಇನ್ನೊಬ್ಬರು ಗಂಟೆ ಹೊಡೆದಿರ್ತಾರೆ. ಯಾರೋ ಹಾಡಿನ ನಂಬರನ್ನು ಬೋರ್ಡಿಗೆ ಹಾಕಿರ್ತಾರೆ, ಯಾರೋ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಕಥೆ ಹೇಳ್ತಿರ್ತಾರೆ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸಿ ಲೆಕ್ಕ ಬರೆಯೋಕೆ ಮತ್ತಿಬ್ಬರು ಕಾಯ್ತಿರ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಸಂಬಳ ಇಲ್ಲ.

ಹೋದ ತಿಂಗಳು ಊರಿನ ಜಾತ್ರೆ ಕಮಿಟಿ ಬಗ್ಗೆ ಬರೆದಾಗ ಒಬ್ಬ ಓದುಗರು "ನಮ್ಮ ಸಭೆಯಲ್ಲೂ ಇದೇ ಕಥೆ, ಅದನ್ನೂ ಬರೀರಿ" ಅಂದಿದ್ದರು. ಈ ವಾರ ಅವರಿಗಾಗಿ. ನೀವು ಚರ್ಚಿಗೆ ಹೋಗೋರಲ್ಲದಿದ್ದರೂ ಓದಿ. ನಿಮ್ಮ ಅಪಾರ್ಟ್‌ಮೆಂಟ್ ಸಂಘ, ಊರಿನ ದೇವಸ್ಥಾನದ ಟ್ರಸ್ಟು, ಹಾಲಿನ ಡೇರಿ, ಎಲ್ಲದಕ್ಕೂ ಇದು ತಾಗುತ್ತೆ.

ಪದದಲ್ಲೇ ಇದೆ "ಹಿರಿಯ"

ಪ್ರೆಸ್ಬಿಟೇರಿಯನ್ ಅನ್ನೋ ಉದ್ದದ ಹೆಸರು ಕೇಳಿ ಗಾಬರಿಯಾಗಬೇಡಿ. ಗ್ರೀಕ್ ಭಾಷೆಯಲ್ಲಿ "ಪ್ರೆಸ್ಬಿಟೆರೋಸ್" ಅಂದರೆ ಹಿರಿಯ. ಕನ್ನಡ ಬೈಬಲ್‌ನಲ್ಲಿ "ಸಭೆಯ ಹಿರಿಯರು" ಅಂತ ಬರೋದು ಇದೇ ಪದ. ಅಂದರೆ ಹಿರಿಯರು ಸೇರಿ ನಡೆಸುವ ಸಭೆ ಅನ್ನೋದು ಹೆಸರಿನಲ್ಲೇ ಇದೆ.

ಈ ಪದ್ಧತಿ ಗಟ್ಟಿಯಾಗಿದ್ದು 16ನೇ ಶತಮಾನದಲ್ಲಿ. 1541ರಲ್ಲಿ ಜಾನ್ ಕ್ಯಾಲ್ವಿನ್ ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣದ ಸಭೆಗೆ ನಾಲ್ಕು ಬಗೆಯ ಹುದ್ದೆ ಗೊತ್ತು ಮಾಡಿದರು: ಪಾಲಕರು, ಬೋಧಕರು, ಹಿರಿಯರು, ಸೇವಕರು. ಉಪದೇಶ ಪಾಲಕರದು, ಪಾಠ ಬೋಧಕರದು. ಜನರ ನಡೆನುಡಿ ನೋಡಿಕೊಳ್ಳೋದು ಹಿರಿಯರದು, ಬಡವರು–ರೋಗಿಗಳ ಆರೈಕೆ ಮತ್ತು ಅದರ ಹಣಕಾಸು ಸೇವಕರದು. ಒಬ್ಬರ ಕೈಗೇ ಎಲ್ಲವೂ ಹೋಗದ ಹಾಗೆ ಹಂಚಿಕೆ.

1560ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ನಾಕ್ಸ್ ಮತ್ತವರ ಸಂಗಡಿಗರು ಇದನ್ನು ಇಡೀ ದೇಶಕ್ಕೆ ಹೊಂದಿಸಿ ಒಂದು ನಿಯಮದ ಪುಸ್ತಕ ಬರೆದರು. ಅದರಲ್ಲಿ ಹಿರಿಯರನ್ನು ವರ್ಷಕ್ಕೊಮ್ಮೆ ಆರಿಸಬೇಕು ಅಂತಿತ್ತು. ಯಾಕೆ ಗೊತ್ತಾ? ಬಹಳ ಕಾಲ ಕುರ್ಚಿಯಲ್ಲೇ ಕೂತರೆ ಸಭೆಯ ಸ್ವಾತಂತ್ರ್ಯದ ಮೇಲೇ ಸವಾರಿ ಮಾಡಿಯಾರು ಅನ್ನೋ ಭಯ. ಆದರೆ 1578ರ ಎರಡನೇ ನಿಯಮ ಪುಸ್ತಕ ಹಿರಿತನವನ್ನು ಜೀವನಪೂರ್ತಿಯ ಹುದ್ದೆ ಮಾಡಿತು. ಹದಿನೆಂಟು ವರ್ಷದಲ್ಲೇ ಮಾತು ಬದಲಾಯ್ತು ನೋಡಿ! ಕುರ್ಚಿ ಎಷ್ಟು ದಿನ ಅನ್ನೋ ಜಗಳ ಅಷ್ಟು ಹಳೆಯದು.

ಈ ಪದ್ಧತಿಯಲ್ಲಿ ಪಾಲಕರು ಹಿರಿಯರ ಸಭೆಯ ಅಧ್ಯಕ್ಷತೆ ವಹಿಸ್ತಾರೆ, ಆದರೆ ತೀರ್ಮಾನ ಸಭೆಯದು. ಅಧ್ಯಕ್ಷತೆ ವಹಿಸಿದವರನ್ನು "ಮಾಡರೇಟರ್" ಅಂತಾರೆ. ನಮ್ಮ ವಾಟ್ಸ್ಯಾಪ್ ಗ್ರೂಪಿನ ಅಡ್ಮಿನ್ ಇದ್ದ ಹಾಗೆ: ಮಾತು ದಾರಿ ತಪ್ಪದಂತೆ ನೋಡಿಕೊಳ್ಳೋದು ಕೆಲಸ, ಎಲ್ಲರ ಪರವಾಗಿ ತಾನೇ ತೀರ್ಮಾನ ಮಾಡೋದಲ್ಲ. ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯ ಮಾಡರೇಟರ್ ಹುದ್ದೆ ಇವತ್ತಿಗೂ ಒಂದೇ ವರ್ಷದ್ದು.

ನಮ್ಮ ಕಡೆ ಬಂದಿದ್ದು ಹೇಗೆ

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಹೋಗೋವಾಗ ಎತ್ತರದ ಗಡಿಯಾರ ಗೋಪುರದ ಕೆಂಪು ಚರ್ಚ್ ನೋಡಿರ್ತೀರಿ. ಅದು ಸೇಂಟ್ ಆಂಡ್ರೂಸ್. 1864ರಲ್ಲಿ ಅಡಿಗಲ್ಲು ಹಾಕಿ 1866ರಲ್ಲಿ ತೆರೆದ ಅದನ್ನು ಕಟ್ಟಿದ್ದು ದಂಡು ಪ್ರದೇಶದಲ್ಲಿದ್ದ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗಾಗಿ. ಹಾಗಾಗಿ ಹಳಬರು ಅದನ್ನು "ಸ್ಕಾಚ್ ಕರ್ಕ್" ಅಂತ ಕರೀತಿದ್ದರು.

ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಬಗ್ಗೆ ಕನ್ನಡಿಗರಿಗೆ ಹೆಚ್ಚು ಹೇಳಬೇಕಿಲ್ಲ. "ಮಂಗಳೂರ ಸಮಾಚಾರ" ಪತ್ರಿಕೆ, ಕಿಟ್ಟೆಲ್ ನಿಘಂಟು, ಹಂಚಿನ ಕಾರ್ಖಾನೆ ಎಲ್ಲ ಅವರದೇ. ಅವರ ಸಭೆಗಳಲ್ಲೂ ಹಿರಿಯರ ಮಂಡಳಿ ಇತ್ತು. ಇದೇ ಮಿಷನ್ 1828ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಶುರು ಮಾಡಿದ ಕೆಲಸದಿಂದ ಬೆಳೆದ ಸಭೆಗೆ ಇವತ್ತು ಪ್ರೆಸ್ಬಿಟೇರಿಯನ್ ಚರ್ಚ್ ಆಫ್ ಘಾನಾ ಅಂತಲೇ ಹೆಸರು.

ನಮ್ಮ ತುಮಕೂರು ಸೀಮೆಗೆ ಬಂದವರು ಬೇರೆ, ವೆಸ್ಲಿಯನ್ ಮೆಥೊಡಿಸ್ಟರು. ನಾಟಕ ಕಂಪನಿಯಿಂದ ಹೆಸರಾದ ಗುಬ್ಬಿ ಇದೆಯಲ್ಲ, ಆ ಊರಿನಲ್ಲಿ 1830ರ ದಶಕದಲ್ಲೇ ಅವರ ಠಾಣ್ಯ ಇತ್ತು. ಅಲ್ಲಿದ್ದ ವಿಲಿಯಂ ಆರ್ಥರ್ ಎಂಬ ಐರಿಷ್ ಯುವಕ ಊರಿಗೆ ಮರಳಿದ ಮೇಲೆ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದ.

ಇವರೆಲ್ಲ ಬೇರೆ ಬೇರೆ ಇದ್ದವರು. 1908ರಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲಿಸ್ಟರೂ ಒಂದಾದರು. ಸ್ವಾತಂತ್ರ್ಯ ಬಂದು ಆರೇ ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಅವರು ಆಂಗ್ಲಿಕನ್ನರು ಮತ್ತು ಮೆಥೊಡಿಸ್ಟರ ಜೊತೆ ಸೇರಿ ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಕಟ್ಟಿದರು. ಊರೂರಲ್ಲಿ ಕಾಣೋ ಸಿ.ಎಸ್.ಐ. ಬೋರ್ಡು ಇದೇ. ಸೇಂಟ್ ಆಂಡ್ರೂಸ್, ಬಾಸೆಲ್ ಮಿಷನ್ ಸಭೆಗಳೂ ಆಮೇಲೆ ಇದರೊಳಗೇ ಬಂದವು. ಕರ್ನಾಟಕದಲ್ಲಿ ಈಗ ಇದಕ್ಕೆ ಮೂರು ಧರ್ಮಪ್ರಾಂತ: ಬೆಂಗಳೂರು ಕೇಂದ್ರವಾದ ಮಧ್ಯ, ಮಂಗಳೂರಿನ ದಕ್ಷಿಣ, ಧಾರವಾಡದ ಉತ್ತರ. ತುಮಕೂರು ಜಿಲ್ಲೆ ಮಧ್ಯ ಪ್ರಾಂತಕ್ಕೆ ಸೇರಿದ್ದು.

ಒಂದು ಮನೆಗೆ ಮೂರು ಮನೆತನದ ಸಾಮಾನು ಬಂದ ಹಾಗಾಯ್ತು. ಬಿಷಪ್ ಅನ್ನೋ ಹುದ್ದೆ ಆಂಗ್ಲಿಕನ್ನರ ಕಡೆಯಿಂದ. ಪಾಲಕರು ಒಂದೇ ಕಡೆ ಬೇರು ಬಿಡದೆ ಊರಿಂದೂರಿಗೆ ಹೋಗ್ತಿರಬೇಕು ಅನ್ನೋ ರೂಢಿ ಮೆಥೊಡಿಸ್ಟರಲ್ಲಿ ಬಲವಾಗಿತ್ತು. ಹಿರಿಯರು ಕೂತು ಮಾತಾಡಿ ತೀರ್ಮಾನಿಸೋ ಅಭ್ಯಾಸ, "ಮಾಡರೇಟರ್" ಅನ್ನೋ ಹೆಸರು ಪ್ರೆಸ್ಬಿಟೇರಿಯನ್ನರ ಕೊಡುಗೆ. ಸಿ.ಎಸ್.ಐ.ನ ಅತಿ ದೊಡ್ಡ ಹುದ್ದೆಗೆ ಈಗಲೂ ಅದೇ ಹೆಸರು. ದೀಕ್ಷೆ ಪಡೆದ ಪಾಲಕರನ್ನು ಕಾಗದ ಪತ್ರದಲ್ಲಿ "ಪ್ರೆಸ್ಬಿಟರ್" ಅಂತಲೇ ಬರೀತಾರೆ. ಇಪ್ಪತ್ತೇಳು ವರ್ಷದ ಹುಡುಗನೇ ಪಾಲಕನಾಗಿ ಬಂದರೂ ಆತ "ಹಿರಿಯ"ನೇ!

ಬಂದು ಹೋಗುವವರು

ಆ ಹುಡುಗ ಪಾಲಕನಾಗೋದು ಸುಲಭ ಇಲ್ಲ. ದೇವಶಾಸ್ತ್ರದ ಪದವಿಗೆ ನಾಲ್ಕೈದು ವರ್ಷ ಹಿಡಿಯುತ್ತೆ. ಒಂದು ಕಾಲದಲ್ಲಿ ಕನ್ನಡದ ಪಾಲಕರು ತಯಾರಾಗ್ತಿದ್ದ ಒಂದು ಮುಖ್ಯ ಜಾಗ ನಮ್ಮ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿ. 1965ರಲ್ಲಿ ಅದೂ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೂ ಸೇರಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯ್ತು. ಪದವಿ ಮುಗಿದ ಮೇಲೆ ಮೊದಲು ಡೀಕನ್ ದೀಕ್ಷೆ, ಆಮೇಲೆ ಪ್ರೆಸ್ಬಿಟರ್ ದೀಕ್ಷೆ. ಪ್ರಭು ಭೋಜನ ನಡೆಸೋ ಅಧಿಕಾರ ಬರೋದು ಈ ಎರಡನೆಯದು ಆದ ಮೇಲೆಯೇ.

ಹಳ್ಳಿ ಕಡೆ ಒಬ್ಬ ಪಾಲಕರಿಗೆ ಒಂದೇ ಸಭೆ ಇರಲ್ಲ. ತಾಲ್ಲೂಕು ಕೇಂದ್ರದಲ್ಲಿ ಮನೆ, ಸುತ್ತಲಿನ ನಾಲ್ಕಾರು ಹಳ್ಳಿಗೆ ಬೈಕು. ಇಲ್ಲಿ ಮದುವೆ, ಅಲ್ಲಿ ಮಣ್ಣು, ಮಧ್ಯೆ ಯಾರದ್ದೋ ಮನೆಯ ಆಸ್ತಿ ಜಗಳ. ಮೂರು ನಾಲ್ಕು ವರ್ಷದಲ್ಲಿ ಹೆಸರುಗಳು ನೆನಪಿಗೆ ಬಂದು, ಯಾರ ಮನೆಯಲ್ಲಿ ಯಾರಿಗೆ ಮಾತಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ವರ್ಗಾವಣೆ ಪತ್ರ. ಪಾಲಕರ ಹೆಂಡತಿಯನ್ನೂ ಮರೀಬೇಡಿ. ನಮ್ಮ ತೆಲುಗು–ಕನ್ನಡ ಗಡಿಯಲ್ಲಿ ಪಾಲಕರು "ಅಯ್ಯಗಾರು", ಅವರು "ಅಮ್ಮಗಾರು". ಹುದ್ದೆ ಇಲ್ಲ, ಸಂಬಳ ಇಲ್ಲ, ಮಹಿಳಾ ಸಂಘದಿಂದ ಹಿಡಿದು ಬಂದವರಿಗೆಲ್ಲ ಕಾಫಿ ಕೊಡೋವರೆಗೆ ಎಲ್ಲ ಅವರ ತಲೆ ಮೇಲೆ.

ಹೆಂಗಸರೇ ಪಾಲಕರಾಗಿರೋದೂ ಉಂಟು. ಸಿ.ಎಸ್.ಐ.ನಲ್ಲಿ ದೀಕ್ಷೆ ಪಡೆದ ಮೊದಲ ಮಹಿಳೆ ಎಲಿಜಬೆತ್ ಪಾಲ್, 1976ರಲ್ಲಿ. 2013ರಲ್ಲಿ ನಮ್ಮ ಪಕ್ಕದ ರಾಯಲಸೀಮೆಯ ನಂದ್ಯಾಲದಲ್ಲಿ ಎಗ್ಗೋಣಿ ಪುಷ್ಪಲಲಿತ ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಆದರು. ಹಿರಿಯರ ಪದ್ಧತಿಯ ತವರಾದ ಸ್ಕಾಟ್ಲೆಂಡಿನ ಚರ್ಚಲ್ಲೇ ಹೆಂಗಸರು ಹಿರಿಯರಾಗಿದ್ದು 1966ರಲ್ಲಿ, ಪಾಲಕರಾಗಿದ್ದು 1968ರಲ್ಲಿ. ಲೆಕ್ಕ ಹಾಕಿದರೆ ನಾವು ತೀರಾ ಹಿಂದೆ ಬಿದ್ದಿಲ್ಲ.

ಉಳಿಯುವವರು

ಪಾಲಕರು ಬದಲಾದರೂ ಸಭೆ ನಿಲ್ಲದೆ ನಡೆಯುತ್ತಲ್ಲ, ಅದು ಊರಲ್ಲೇ ಉಳಿಯೋರಿಂದ.

ಹಳೇ ಹಳ್ಳಿ ವ್ಯವಸ್ಥೆ ನೆನಪು ಮಾಡಿಕೊಳ್ಳಿ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ. ಕೆರೆ ತೂಬು ಎತ್ತೋನಿಂದ ಲೆಕ್ಕ ಬರೆಯೋನವರೆಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಆದರೆ ಅದು ಹುಟ್ಟಿನಿಂದ ಬಂದಿದ್ದು. ತೋಟಿಯ ಮಗ ತೋಟಿಯೇ. 1961ರ ಕಾನೂನು ಆ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿತು. ಸಭೆಯಲ್ಲೂ ಕೆಲಸದ ಹಂಚಿಕೆ ಹೀಗೇ ಇದೆ, ಆದರೆ ನೇಮಕ ಓಟಿನಿಂದ. ಗೌಡರ ಮಗನಿಗೂ ಕೂಲಿ ಮಾಡೋ ಅಕ್ಕನಿಗೂ ಒಂದೊಂದೇ ಓಟು. ಹುಟ್ಟಿನ ಲೆಕ್ಕದಲ್ಲಿ ಊರ ಸಭೆಗಳಿಂದ ಹೊರಗಿದ್ದ ಎಷ್ಟೋ ಮನೆತನಗಳ ಜನ ಮೊದಲ ಸಲ "ಅಧ್ಯಕ್ಷರೇ" ಅಂತ ಎದ್ದು ನಿಂತು ಮಾತಾಡಿದ್ದು ಇಂಥ ಕಮಿಟಿಗಳಲ್ಲಿ. ಈ ಓಟಿನ ಬೆಲೆ ಅವರಿಗೆ ಗೊತ್ತು.

ಕಾರ್ಯದರ್ಶಿ ಕಮಿಟಿಯ ನಡಾವಳಿ ಬರೆಯೋರು. ಮದುವೆಗೆ ಪತ್ರ ಬೇಕು, ದೀಕ್ಷಾಸ್ನಾನದ ದಾಖಲೆ ಬೇಕು, ಕಾಂಪೌಂಡ್ ಜಾಗದ ಹಳೇ ಪತ್ರ ಬೇಕು, ಎಲ್ಲದಕ್ಕೂ ಇವರ ಬೀರುವೇ ಗತಿ.

ಖಜಾಂಚಿಯದು ಬೈಸಿಕೊಳ್ಳೋ ಕೆಲಸ. ಕಾಣಿಕೆಯನ್ನು ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಬೇಕು, ಬ್ಯಾಂಕಿಗೆ ಕಟ್ಟಬೇಕು, ಧರ್ಮಪ್ರಾಂತಕ್ಕೆ ಸೇರಬೇಕಾದ ಪಾಲು ಕಳಿಸಬೇಕು, ಕರೆಂಟ್ ಬಿಲ್ ನೋಡಬೇಕು. ವರ್ಷದ ಕೊನೆಗೆ ಎಲ್ಲರ ಮುಂದೆ ಲೆಕ್ಕ ಓದಬೇಕು. ಸುಗ್ಗಿ ಹಬ್ಬದಲ್ಲಿ ಜನ ತಂದ ಕುಂಬಳಕಾಯಿ, ರಾಗಿ, ಕೋಳಿಯನ್ನು ಹರಾಜು ಹಾಕಿದಾಗ ಯಾರು ಎಷ್ಟಕ್ಕೆ ಕೂಗಿದರು, ಯಾರು ಇನ್ನೂ ದುಡ್ಡು ಕೊಟ್ಟಿಲ್ಲ ಅನ್ನೋದೂ ಇವರ ಪುಸ್ತಕದಲ್ಲೇ.

ಉಪದೇಶಿಯವರು ದೀಕ್ಷೆ ಇಲ್ಲದ, ಆದರೆ ಪಾಲಕರು ಬರಲಾಗದ ವಾರ ಹಳ್ಳಿಯ ಆರಾಧನೆ ನಡೆಸೋರು. ಮಿಷನ್ ಕಾಲದಲ್ಲಿ "ಬೈಬಲ್ ವುಮನ್" ಅಂತ ಹೆಂಗಸರಿದ್ದರು. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಓದು ಕಲಿಸಿದವರು. ದೊರೆಗಳ ಹೆಸರು ಕಲ್ಲಿನ ಫಲಕದಲ್ಲಿದೆ. ಇವರ ಹೆಸರು ಇರೋದು ಹಳೇ ವರದಿಗಳ ಒಳಪುಟದಲ್ಲಿ, ಕೆಲವು ಕಡೆ ಅಲ್ಲೂ ಇಲ್ಲ.

ಆಮೇಲೆ ಸಂಡೇ ಸ್ಕೂಲ್ ಟೀಚರು, ಹಾಡಿನ ತಂಡ, ಕೀಬೋರ್ಡ್ ಹುಡುಗ, ಯೂಟ್ಯೂಬ್ ಲೈವ್ ಹಾಕೋ ಹುಡುಗಿ.

ಕೊನೆಗೆ ಸೆಕ್ಸ್‌ಟನ್. ಅಂದರೆ ಬೀಗ, ಗಂಟೆ, ಕಸ, ಗಿಡ, ಸ್ಮಶಾನ ನೋಡಿಕೊಳ್ಳೋರು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗೋರು. ಕಮಿಟಿಯಲ್ಲಿ ಇವರಿಗೆ ಕುರ್ಚಿ ಇರಲ್ಲ. ಸಂಬಳ ಹೆಚ್ಚಿಸೋ ಮಾತು ಬಂದಾಗಲೆಲ್ಲ "ಮುಂದಿನ ಮೀಟಿಂಗಿಗೆ ಇಡೋಣ" ಅಂತ ಹೋಗುತ್ತೆ.

ಖಾಲಿ ಕುರ್ಚಿ

ನಾನು ತಿರುಮಣಿ ಕಡೆಯವನು. ಪಾವಗಡ ಅಂದ ತಕ್ಷಣ ನಿಮಗೆ ಸೋಲಾರ್ ಪಾರ್ಕ್ ನೆನಪಾಗುತ್ತೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಐದು ಊರಿನ ಸುಮಾರು 13,000 ಎಕರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯ್ತು. ಜಮೀನಿದ್ದವರ ಖಾತೆಗೆ ಬಾಡಿಗೆ ಬರುತ್ತೆ. ಜಮೀನಿಲ್ಲದೆ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕ್ತಿದ್ದವರಿಗೆ ಆ ಕೂಲಿಯೂ ಹೋಯ್ತು. ಬರಗಾಲಕ್ಕೆ ಮೊದಲೇ ಬೆಂಗಳೂರು ಬಸ್ ಹತ್ತುತ್ತಿದ್ದ ಊರುಗಳು ಇನ್ನಷ್ಟು ಖಾಲಿಯಾದವು. ಜಾತ್ರೆ ಕಮಿಟಿಗೂ ಸಭೆಯ ಕಮಿಟಿಗೂ ಇದರ ಬಿಸಿ ತಟ್ಟಿದೆ.

ನಮ್ಮ ಆಫೀಸಲ್ಲಿ ಒಬ್ಬ ಹುಡುಗ ಇದ್ದಾನೆ. ಗಡಿ ಆಚೆಯ ಹಳ್ಳಿಯವನು. ಅವನ ಊರಿನ ಸಭೆಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದ ದೊಡ್ಡಪ್ಪನಿಗೆ ಕಣ್ಣು ಮಂಜಾಯ್ತು. "ನೀನು ಬಿ.ಕಾಂ. ಓದಿದ್ದೀಯ, ಲೆಕ್ಕ ನೋಡ್ಕೊಳಪ್ಪ" ಅಂತ ಫೋನ್ ಮಾಡಿದರು. ಇವನು "ದುಡ್ಡು ಎಷ್ಟು ಬೇಕಾದ್ರೂ ಕಳಿಸ್ತೀನಿ ದೊಡ್ಡಪ್ಪ, ಟೈಮ್ ಇಲ್ಲ" ಅಂದ. ಅದಕ್ಕೆ ದೊಡ್ಡಪ್ಪ, "ದುಡ್ಡು ಬರ್ತಾ ಇದೆ ಕಣೋ. ಬಂದ ದುಡ್ಡು ಬರ್ಕೊಳೋರು ಇಲ್ಲ" ಅಂದರಂತೆ.

ಕೊನೆಗೆ ಒಪ್ಪಿಕೊಂಡ. ಪುಸ್ತಕದ ಲೆಕ್ಕ ಫೋನಿನ ಶೀಟಿಗೆ ಬಂತು, ಬಾಗಿಲಲ್ಲಿ ಕ್ಯೂಆರ್ ಕೋಡ್ ಅಂಟಿತು. ತಿಂಗಳಿಗೊಮ್ಮೆ ಶನಿವಾರ ರಾತ್ರಿ ಬಸ್ಸು. ಮೊದಲ ಸಲ ಖರ್ಚಿನ ಪಟ್ಟಿ ಮಾಡಿದಾಗ ಅವನಿಗೆ ಕಂಡಿದ್ದು ಸೆಕ್ಸ್‌ಟನ್ ಅಜ್ಜನ ತಿಂಗಳ ಸಂಬಳ. ಅದು ಇವನು ವೀಕೆಂಡಿನಲ್ಲಿ ಊಟ ತರಿಸಿಕೊಳ್ಳೋ ಖರ್ಚಿಗಿಂತ ಕಡಿಮೆ. ಆ ಸಾಲನ್ನು ಮಹಾಸಭೆಯಲ್ಲಿ ಜೋರಾಗಿ ಓದಿದ. ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬ ಅಜ್ಜಿ, "ಈ ಮೀಟಿಂಗಲ್ಲೇ ಮಾಡ್ರಪ್ಪ" ಅಂದರು. ಅದೇ ಮೀಟಿಂಗಲ್ಲಿ ಸಂಬಳ ಹೆಚ್ಚಾಯ್ತು. ಬಿಷಪ್ ಆದೇಶ ಬೇಕಾಗಲಿಲ್ಲ, ಪಾಲಕರ ಪ್ರಸಂಗವೂ ಬೇಕಾಗಲಿಲ್ಲ. ಲೆಕ್ಕ ಓದೋರೊಬ್ಬರು, ಎದ್ದು ಕೇಳೋರೊಬ್ಬರು ಇದ್ದರೆ ಸಾಕಾಯ್ತು. ಹಿರಿಯರ ಪದ್ಧತಿಯ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ಜನ ದೂರ ಸರಿದರೆ ಏನಾಗುತ್ತೆ ಅನ್ನೋದೂ ನಮಗೆ ಗೊತ್ತು. ಕುರ್ಚಿ ನಿಜವಾಗಿ ಖಾಲಿ ಇರಲ್ಲ, ಯಾರೋ ಹಿಡಿದುಕೊಳ್ತಾರೆ. ಅದೇ ನಾಲ್ಕು ಮನೆಯವರು ಸರದಿಯಲ್ಲಿ ಕೂರ್ತಾರೆ. ಆಸ್ತಿ ಜಾಸ್ತಿ ಇರೋ ಪಟ್ಟಣದ ಸಭೆಗಳಲ್ಲಿ ಚುನಾವಣೆ ಅಂದರೆ ಬಣ, ಪೋಸ್ಟರ್, ಕೇಸು. ಸಿ.ಎಸ್.ಐ. ಸಿನಾಡ್‌ನ ಚುನಾವಣಾ ತಕರಾರು ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ಪೇಪರಲ್ಲಿ ಓದಿರ್ತೀರಿ. 1560ರಲ್ಲಿ ಆ ಪುಸ್ತಕ ಬರೆದವರು ಹೆದರಿದ್ದು ಇದಕ್ಕೇ.

ಬೇರೆ ದಾರಿಯೂ ಇದೆ. ನಮ್ಮ ದೇಶದಲ್ಲಿ ಪ್ರೆಸ್ಬಿಟೇರಿಯನ್ ಹೆಸರು ಜೋರಾಗಿರೋದು ಮಿಜೋರಾಂ, ಮೇಘಾಲಯದಲ್ಲಿ. ಮಿಜೋ ಸಭೆಯ ಹಿರಿಯರನ್ನು "ಉಪಾ" ಅಂತಾರೆ. ಸಭೆ ಆರಿಸಿದವರು, ಸಂಬಳ ಇಲ್ಲದವರು. ಅಲ್ಲಿಯ ಹೆಂಗಸರು ನೂರಕ್ಕೂ ಹೆಚ್ಚು ವರ್ಷದಿಂದ ಒಂದು ರೂಢಿ ಇಟ್ಟುಕೊಂಡಿದ್ದಾರೆ. ಅನ್ನಕ್ಕೆ ಇಡೋವಾಗ ಒಂದು ಹಿಡಿ ಅಕ್ಕಿ ಸಭೆಗೆ ಅಂತ ಬೇರೆ ತೆಗೆದಿಡೋದು. ಆ ಅಕ್ಕಿ ಮಾರಿ ಬಂದ ದುಡ್ಡಿನಿಂದ ಸಭೆಯ ಎಷ್ಟೋ ಕೆಲಸ, ಎಷ್ಟೋ ಜನರ ಸಂಬಳ ನಡೆದಿದೆ. ಬಡವರ ಮನೆಯಲ್ಲೂ ಹಿಡಿ ಅಕ್ಕಿ ಇರುತ್ತೆ, ಹಾಗಾಗಿ ಯಾರೂ "ನಮ್ಮದೇನೂ ಇಲ್ಲ" ಅನ್ನೋ ಹಾಗಿಲ್ಲ. ಸಭೆ ಎಲ್ಲರದೂ ಆಗೋದು ಹೀಗೆ.

ಈ ವಾರ ಒಂದು ಕೆಲಸ ಮಾಡಿ

ಚರ್ಚು, ದೇವಸ್ಥಾನ, ಮಸೀದಿ, ಅಪಾರ್ಟ್‌ಮೆಂಟು, ನೀವು ಯಾವುದಕ್ಕೆ ಸೇರಿದವರಾದರೂ ಸರಿ, ಮೂರು ವಿಷಯ ಕೇಳಿ ತಿಳ್ಕೊಳ್ಳಿ. ಇಲ್ಲಿ ಲೆಕ್ಕ ಬರೆಯೋರು ಯಾರು, ಅವರ ಜೊತೆ ಎರಡನೇ ಸಹಿ ಯಾರದು? ಕಸ ಗುಡಿಸೋರಿಗೆ ತಿಂಗಳಿಗೆ ಎಷ್ಟು ಕೊಡ್ತೀವಿ? ಮಹಾಸಭೆ ಯಾವಾಗ?

ಮೂರನೆಯದಕ್ಕೆ ಉತ್ತರ ಸಿಕ್ಕರೆ ಆ ದಿನಾಂಕವನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಹೋಗಿ, ಹಿಂದಿನ ಬೆಂಚಿನಲ್ಲಾದರೂ ಕೂತ್ಕೊಳ್ಳಿ. ಮಾತಾಡಲೇಬೇಕು ಅಂತಿಲ್ಲ. ಲೆಕ್ಕ ಓದೋವಾಗ ಕೇಳಿಸ್ಕೊಂಡು, ಅರ್ಥವಾಗದ ಒಂದು ಸಾಲಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೂ ನಡೆಯುತ್ತೆ. ಕೇಳಿದ ಮೇಲೆ "ನೀವೇ ನೋಡ್ಕೊಳ್ರಿ ಹಾಗಾದ್ರೆ" ಅಂತ ಪುಸ್ತಕ ನಿಮ್ಮ ಕೈಗೇ ಕೊಟ್ಟಾರು, ಅದಕ್ಕೂ ತಯಾರಾಗಿರಿ.

ನಿಮ್ಮ ಊರಿನಲ್ಲಿ ಹೀಗೆ ಸದ್ದಿಲ್ಲದೆ ಪುಸ್ತಕ, ಬೀಗ, ಗಂಟೆ ನೋಡಿಕೊಂಡವರು ಯಾರಾದರೂ ಇದ್ದರೆ ಅವರ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ವಾರ ಹಾಲಿನ ಡೇರಿ ಕಾರ್ಯದರ್ಶಿಗಳ ಕಥೆಯೊಂದಿಗೆ ಸಿಗ್ತೀನಿ.